ಅಜ್ಜನ ಕೋವಿಗೆ ಯಾವ ತೋಟಾ?

ಜುಲೈನ ಒಂದು ಶನಿವಾರ ನಾವು ಮೂರು ಕನ್ನಡ ಕುಟುಂಬಗಳು ಡೆಲವೇರ್‌ನ ವಿಲ್ಮಿಂಗ್ಟನ್‌ನಿಂದ ಹೊರಟು ಪೆನ್ಸಿಲ್ವೇನಿಯಾದ ಹಳ್ಳಿಗಾಡಿನ ಶೂಟಿಂಗ್ ರೇಂಜ್ ಒಂದಕ್ಕೆ ಹೋಗಿದ್ದೆವು. ಬುತ್ತಿಗೆ ಚಿತ್ರಾನ್ನ, ಮೊಸರನ್ನ. ಕರೆದವರು ನೆರೆಮನೆಯ ನಿವೃತ್ತ ಶಿಕ್ಷಕರು. ಪ್ರತಿ ವರ್ಷ ಅವರ ತೆರಿಗೆ ರಿಟರ್ನ್ ನಾವು ತುಂಬಿಕೊಡುತ್ತೇವೆ; ಶುಲ್ಕ ಬೇಡವೆಂದದ್ದಕ್ಕೆ ಈ ಆತಿಥ್ಯ. ಇಲ್ಲಿ ವಲಸೆಯೇತರ ವೀಸಾದಲ್ಲಿರುವವರು ಕೆಲವು ವಿನಾಯಿತಿಗಳನ್ನು ಬಿಟ್ಟರೆ ಬಂದೂಕು ಇಟ್ಟುಕೊಳ್ಳುವಂತಿಲ್ಲ. ನಮ್ಮ ಗುಂಪಿನಲ್ಲಿ ಅಂಥವರೂ ಇದ್ದುದರಿಂದ ಎಲ್ಲರೂ ಪ್ರೇಕ್ಷಕರಾಗಿಯೇ ಉಳಿದೆವು.

ಅಕ್ಕಪಕ್ಕದವರ ರೈಫಲ್‌ಗಳು ಚಟೀರ್ ಎನ್ನುತ್ತಿದ್ದರೆ ನಮ್ಮ ಶಿಕ್ಷಕರದ್ದು ಢಮ್ ಎಂದಿತು. ಎದುರಿಗೆ ಬಿಳಿ ಹೊಗೆಯ ಗೋಡೆ. ಗುಂಡು ಎಲ್ಲಿ ಬಿತ್ತೆಂದು ನೋಡಲು ಗಾಳಿ ಬೀಸುವ ತನಕ ಕಾಯಬೇಕು. "ದೀಪಾವಳಿ ವಾಸನೆ!" ಎಂದು ಮಕ್ಕಳು ಕೂಗಿದರು. ತಪ್ಪೇನಿಲ್ಲ; ಪೆಟ್ಲುಪ್ಪು, ಇದ್ದಿಲು, ಗಂಧಕ ಸೇರಿದ ಅದೇ ಕರಿಮದ್ದು.

ರೈಫಲ್ ಹೊಸದು, ಮದ್ದು ಮಾತ್ರ ಹಳೆಯ ಕಾಲದ್ದು. ಅದರ ತೋಟಾದ ಹೆಸರು 45-70. ಲೆಕ್ಕದವರಾದ ನಮಗೆ ಈ ಹೆಸರು ತುಂಬಾ ಹಿಡಿಸಿತು. ಗುಂಡಿನ ಅಡ್ಡಳತೆ ಇಂಚಿನ ನೂರರಲ್ಲಿ 45 ಪಾಲು, ಒಳಗಿನ ಕರಿಮದ್ದು 70 ಗ್ರೇನ್, ಅಂದರೆ ಸುಮಾರು ನಾಲ್ಕೂವರೆ ಗ್ರಾಂ. ಅಮೆರಿಕದ ಸೈನ್ಯ 1873ರಲ್ಲಿ ಒಪ್ಪಿಕೊಂಡ ತೋಟಾ ಇದು. ಇಂದಿಗೂ ತಯಾರಾಗುತ್ತದೆ, ಆದರೆ ಕಾರ್ಖಾನೆಯಿಂದ ಬರುವಾಗ ಒಳಗಿರುವುದು ಸಾಮಾನ್ಯವಾಗಿ ಹೊಗೆರಹಿತ ಮದ್ದು. ಹಿತ್ತಾಳೆಯ ಕವಚದಲ್ಲಿ ಕರಿಮದ್ದು ಗಾಳಿಗೆ ಜಾಗವಿಲ್ಲದಂತೆ ತುಂಬಿರಬೇಕು. ಉರಿದ ಮೇಲೆ ಅದರ ಅರ್ಧಕ್ಕಿಂತ ಹೆಚ್ಚು ಪಾಲು ಮಸಿಯಾಗಿ, ಉಪ್ಪಾಗಿ ಉಳಿಯುತ್ತದೆ. ತೇವ ಹೀರಿ ತುಕ್ಕು ಹಿಡಿಸುವ ಉಪ್ಪು ಅದು. ಹಾಗಾಗಿ ಸಂಜೆಯೊಳಗೆ ನಳಿಗೆಯನ್ನೂ ಕವಚಗಳನ್ನೂ ಬಿಸಿನೀರು, ಸಾಬೂನಿನಲ್ಲಿ ತೊಳೆಯಲೇಬೇಕು. ಪಾತ್ರೆ ತೊಳೆಯಲು ಗೊಣಗುವ ನಮ್ಮ ಮನೆಯ ಗಂಡಸರು ಇದಕ್ಕೆ ಮಾತ್ರ ನಾ ಮುಂದು ತಾ ಮುಂದು ಎಂದು ನಿಂತರು.

ಫ್ರಾನ್ಸಿನ ಪಾಲ್ ವಿಯೇಲ್ 1884ರಲ್ಲಿ ಹೊಗೆರಹಿತ ಮದ್ದು ಮಾಡಿದ. ಅದೇ ತೂಕದ ಕರಿಮದ್ದಿಗಿಂತ ಅದರ ಶಕ್ತಿ ಸುಮಾರು ಮೂರು ಪಟ್ಟು. ನಮ್ಮೂರ ಪೊಲೀಸರು ದಶಕಗಳ ಕಾಲ ಹೆಗಲಿಗೇರಿಸಿದ ತ್ರೀ ನಾಟ್ ತ್ರೀ ಕೂಡ 1888ರಲ್ಲಿ ಹುಟ್ಟಿದ್ದು ಕರಿಮದ್ದಿನ ತೋಟಾವಾಗಿಯೇ. ಕೆಲವೇ ವರ್ಷಗಳಲ್ಲಿ ಬ್ರಿಟಿಷರು ಅದಕ್ಕೆ ಕಾರ್ಡೈಟ್ ತುಂಬಿದರು. ಕರಿಮದ್ದಿಗೆಂದು ಕೊರೆದಿದ್ದ ಲೀ-ಮೆಟ್‌ಫರ್ಡ್‌ನ ಆಳವಿಲ್ಲದ ಗೀರುಗಳು ಆ ಕಾವಿಗೆ ಸವೆದುಹೋದವು. 1895ರಲ್ಲಿ ಲೀ-ಎನ್‌ಫೀಲ್ಡ್ ಬಂದದ್ದು ಹಾಗೆ.

ಊಟದ ಹೊತ್ತಿಗೆ ಶಿಕ್ಷಕರು ಹನ್ನೆರಡು ಬೋರ್ ತೋಟಾಗಳ ಪೆಟ್ಟಿಗೆಯೊಂದನ್ನು ತೋರಿಸಿದರು. ಮೇಲೆ '3 ಡ್ರಾಮ್‌ಗೆ ಸಮ' ಎಂಬರ್ಥದ ಮುದ್ರೆ. ಒಳಗೆ ಮೂರು ಡ್ರಾಮ್ ಮದ್ದು ಇಲ್ಲವೇ ಇಲ್ಲ! ಮೂರು ಡ್ರಾಮ್ ಕರಿಮದ್ದು ಹಾಕಿದ್ದರೆ ಚರೆಗೆ ಎಷ್ಟು ವೇಗ ಬರುತ್ತಿತ್ತೋ ಅಷ್ಟೇ ವೇಗ ಈ ಹೊಸ ಮದ್ದಿನಿಂದ ಬರುತ್ತದೆ ಎಂದಷ್ಟೇ ಅದರ ಅರ್ಥ. ವಸ್ತು ಹೋಗಿ ನೂರು ವರ್ಷವಾದರೂ ಖಾತೆ ಮುಚ್ಚಿಲ್ಲ. ಇದನ್ನೇ ಅಳತೆಯೆಂದು ನಂಬಿ ಹೊಸ ಮದ್ದನ್ನು ಮೂರು ಡ್ರಾಮ್ ತೂಗಿ ತುಂಬಿದವನ ಕೋವಿ ಸಿಡಿದುಹೋಗುತ್ತದೆ ಎಂದರು.

ಆಗಲೇ ನಮ್ಮ ಜೊತೆಗಿದ್ದ ವಿರಾಜಪೇಟೆ ಕಡೆಯ ಸ್ನೇಹಿತರು ತಟ್ಟೆ ಕೆಳಗಿಟ್ಟದ್ದು. ಅವರ ಐನ್‌ಮನೆಯಲ್ಲಿ ಅಜ್ಜನ ಕಾಲದ ಜೋಡಿ ನಳಿಗೆಯ ಇಂಗ್ಲಿಷ್ ಕೋವಿಯಿದೆ. ವರ್ಷಗಳಿಂದ ಪೂಜೆಗೆ ಮಾತ್ರ. ಈ ಸಲ ಕೈಲ್ ಪೊಳ್ದ್‌ಗೆ ಅದರಲ್ಲೇ ತೆಂಗಿನಕಾಯಿಗೆ ಗುಂಡು ಹೊಡೆಯುತ್ತೇನೆಂದು ಅಣ್ಣನ ಮಗ ಹಟ ಹಿಡಿದು ಹೊಸ ತೋಟಾ ತಂದಿಟ್ಟಿದ್ದಾನಂತೆ. ನಳಿಗೆಯ ಮೇಲೆ ಹಾವಿನ ಪೊರೆಯಂಥ ಚಿತ್ತಾರವಿದೆ ಎಂದೊಡನೆ ಶಿಕ್ಷಕರ ಮುಖ ಗಂಭೀರವಾಯಿತು. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಸುತ್ತಿ ಬೆಸೆದ ಡಮಾಸ್ಕಸ್ ನಳಿಗೆ ಅದು. ಹೆಚ್ಚಿನವು ಕರಿಮದ್ದಿನ ಒತ್ತಡಕ್ಕೆಂದೇ ಮಾಡಿದವು. ನೈಟ್ರೋ ಪ್ರೂಫ್ ಎಂಬ ಮುದ್ರೆ ಇದೆಯೇ ನೋಡಲು ಹೇಳಿ, ಇದ್ದರೂ ನುರಿತ ಕೋವಿ ರಿಪೇರಿಯವರು ಪರೀಕ್ಷಿಸದೆ ಹೊಡೆಯಬೇಡಿ, ಇಲ್ಲದಿದ್ದರೆ ಹೊಸ ತೋಟಾವನ್ನು ಅದರ ಹತ್ತಿರವೂ ತರಬೇಡಿ ಎಂದರು.

ಊರಿನಲ್ಲಿ ರಾತ್ರಿ ಹತ್ತರ ಹತ್ತಿರ. ಸ್ನೇಹಿತರು ಪಾರ್ಕಿಂಗ್ ಜಾಗದಿಂದಲೇ ಅಣ್ಣನಿಗೆ ಫೋನ್ ಹಚ್ಚಿದರು. ಕೊಡವ ತಕ್ಕ್‌ನಲ್ಲಿ ನಡೆದ ಜೋರು ಮಾತಿನಲ್ಲಿ ನಮಗೆ ಅರ್ಥವಾದದ್ದು 'ತೋಕ್' ಒಂದೇ.

ವಾಪಸು ಬರುವಾಗ ಬ್ರ್ಯಾಂಡಿವೈನ್ ಹೊಳೆಯ ದಡದ ಹ್ಯಾಗ್ಲಿ ಮ್ಯೂಸಿಯಂ ಹೊಕ್ಕೆವು. 1802ರಲ್ಲಿ ಡುಪಾಂಟ್ ಮನೆತನ ಮದ್ದಿನ ಗಿರಣಿ ಹೂಡಿದ ಜಾಗ. ಗಿರಣಿಗಳಿಗೆ ಮೂರು ಕಡೆ ದಪ್ಪ ಕಲ್ಲಿನ ಗೋಡೆ, ಹೊಳೆಯ ಕಡೆಗೆ ಮಾತ್ರ ಹಗುರ ಗೋಡೆ. ಸಿಡಿದರೆ ನೀರಿನ ಕಡೆಗೆ ಸಿಡಿಯಲಿ ಎಂದು. 1861ರ ಅಂತರ್ಯುದ್ಧದ ಹೊತ್ತಿಗೆ ಈ ಮನೆತನದ ಲ್ಯಾಮಟ್ ಡುಪಾಂಟ್ ಸರ್ಕಾರದ ಪರವಾಗಿ ಲಂಡನ್ನಿಗೆ ಹೋಗಿ ರಾಶಿ ಪೆಟ್ಲುಪ್ಪು ಖರೀದಿಸಿದ್ದ. ಅದು ಬರುತ್ತಿದ್ದುದು ನಮ್ಮ ಬಿಹಾರ, ಬಂಗಾಳದ ಕಡೆಯಿಂದ. ಸ್ನೇಹಿತರಿಗೆ ಇದ್ಯಾವುದೂ ಬೇಕಿರಲಿಲ್ಲ, ಫೋನ್ ನೋಡುತ್ತಲೇ ಇದ್ದರು.

ಮರುದಿನ ಫೋಟೊ ಬಂತು. ಮುದ್ರೆಗಳಿದ್ದವು, ನೈಟ್ರೋ ಪ್ರೂಫ್ ಇರಲಿಲ್ಲ. ಸೆಪ್ಟೆಂಬರ್‌ನಲ್ಲಿ ಅಜ್ಜನ ಕೋವಿ ತೋಕ್ ಪೂ ಮುಡಿದು ನೆಲ್ಲಕ್ಕಿ ನಡುಬಾಡೆಯಲ್ಲಿ ಪೂಜೆಗೆ ಕೂರುತ್ತದೆ. ತೆಂಗಿನಕಾಯಿಗೆ ಚಿಕ್ಕಪ್ಪನ ಹೊಸ ಕೋವಿ. ಅಣ್ಣನ ಮಗ ಎರಡು ದಿನ ಅಮೆರಿಕದ ಚಿಕ್ಕಪ್ಪನ ಜೊತೆ ಮಾತು ಬಿಟ್ಟಿದ್ದನಂತೆ.