ರೋಗಿಯ ಹಾಸಿಗೆಯ ಬಳಿ ನಡೆಯುವ ಪಾಠ

ವೈದ್ಯಶಾಸ್ತ್ರವನ್ನು ಗ್ರಂಥಗಳಿಂದ ಮಾತ್ರವೇ ಕಲಿಯಲು ಸಾಧ್ಯವಿಲ್ಲ. ಹೃದಯದ ಬಡಿತದೊಳಗಿನ ಮರ್ಮರ ಧ್ವನಿಯ ವಿವರಣೆಯನ್ನು ನೂರು ಸಲ ಓದಿದವರೂ, ರೋಗಿಯ ಎದೆಯ ಮೇಲೆ ಸ್ಟೆತಾಸ್ಕೋಪ್ ಇರಿಸಿ ಕೇಳಿದಾಗಲೇ ಅದನ್ನು ನಿಜವಾಗಿ ಅರಿಯುತ್ತಾರೆ. ಈ ಕಾರಣದಿಂದಲೇ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ವಿಲಿಯಂ ಆಸ್ಲರ್ ಅವರು ವಿದ್ಯಾರ್ಥಿಗಳನ್ನು ಉಪನ್ಯಾಸದ ಕೊಠಡಿಯಿಂದ ರೋಗಿಯ ಹಾಸಿಗೆಯ ಬಳಿಗೆ ಕರೆತಂದರು. ನಮ್ಮ ದೇಶದ ಎಂ.ಬಿ.ಬಿ.ಎಸ್. ವ್ಯಾಸಂಗದಲ್ಲಿಯೂ ಈ ಕ್ರಮವೇ ರೂಢಿಯಲ್ಲಿದೆ.

ಇಲ್ಲಿ ಒಂದು ನೈತಿಕ ಪ್ರಶ್ನೆ ಉದ್ಭವಿಸುತ್ತದೆ. ರೋಗಿಯು ಆಸ್ಪತ್ರೆಗೆ ಬಂದಿರುವುದು ಗುಣಮುಖನಾಗಲೆಂದು. ಹತ್ತು ಮಂದಿ ವಿದ್ಯಾರ್ಥಿಗಳು ಒಬ್ಬರಾದ ಮೇಲೊಬ್ಬರು ಹೊಟ್ಟೆಯನ್ನು ಒತ್ತಿ ನೋಡುವುದರಿಂದ ಆತನಿಗೆ ದೊರೆಯುವ ಲಾಭ ಅತ್ಯಲ್ಪ. ಅದರ ಫಲವು ವಿದ್ಯಾರ್ಥಿಗಳಿಗೂ, ಮುಂದೆ ಅವರಿಂದ ಚಿಕಿತ್ಸೆ ಪಡೆಯುವವರಿಗೂ ಸಲ್ಲುತ್ತದೆ. ಅನ್ಯರ ಹಿತಕ್ಕಾಗಿ ಒಬ್ಬರ ದೇಹದ ನೆರವು ಪಡೆಯುವಾಗ ಅವರ ಒಪ್ಪಿಗೆಯನ್ನು ಕೇಳುವುದು ಧರ್ಮ. ಬೋಧನಾ ಆಸ್ಪತ್ರೆಗಳನ್ನು ಹೆಚ್ಚಾಗಿ ಆಶ್ರಯಿಸುವವರು ಬಡವರು. ಬೇಡವೆಂದರೆ ಚಿಕಿತ್ಸೆಯೇ ತಪ್ಪೀತೆಂಬ ಅಂಜಿಕೆಯಿಂದ ಅವರು ಮೌನವಾಗಿರುತ್ತಾರೆ. ಆ ಮೌನವನ್ನು ಒಪ್ಪಿಗೆಯೆಂದು ಭಾವಿಸುವುದು ನ್ಯಾಯವಲ್ಲ.

ಒಂದು ಕಾರ್ಯಕ್ಕೆ ಕೊಟ್ಟ ಸಮ್ಮತಿಯು ಮತ್ತೊಂದಕ್ಕೆ ತಾನಾಗಿಯೇ ಅನ್ವಯಿಸುವುದಿಲ್ಲ. ರೋಗಪತ್ತೆಯ ಪರೀಕ್ಷೆಗೆ ನೀಡಿದ ಒಪ್ಪಿಗೆಯನ್ನು ಶಸ್ತ್ರಚಿಕಿತ್ಸೆಗೆ ನೀಡಿದ ಒಪ್ಪಿಗೆಯೆಂದು ಗಣಿಸಲಾಗದೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ತೀರ್ಪಿತ್ತಿದೆ. ಅಂತೆಯೇ, ಚಿಕಿತ್ಸೆಗೆ ಸಮ್ಮತಿಸಿದ ಮಾತ್ರಕ್ಕೆ ರೋಗಿಯು ಪಾಠಕ್ಕೂ ಸಮ್ಮತಿಸಿದಂತಾಗುವುದಿಲ್ಲವೆಂಬುದು ವೈದ್ಯನೀತಿಯ ತಿರುಳು. ಅರಿವಳಿಕೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿರುವವರ ವಿಷಯದಲ್ಲಿ ಈ ನೀತಿಯು ಇನ್ನಷ್ಟು ಗಂಭೀರವಾದುದು. ಅಂತಹ ಸ್ಥಿತಿಯಲ್ಲಿರುವ ಮಹಿಳೆಯರ ಒಳಾಂಗಗಳನ್ನು ಅವರಿಗೆ ತಿಳಿಸದೆಯೇ ವಿದ್ಯಾರ್ಥಿಗಳಿಂದ ಪರೀಕ್ಷಿಸುವ ಪದ್ಧತಿ ಅಮೆರಿಕದಲ್ಲಿ ಬಹುಕಾಲ ನಡೆದುಬಂದಿತ್ತು. ತೀವ್ರ ಆಕ್ಷೇಪಗಳ ಬಳಿಕ ಅನೇಕ ರಾಜ್ಯಗಳು ಅದನ್ನು ನಿಷೇಧಿಸಿದವು. 2024ರಲ್ಲಿ ಅಲ್ಲಿನ ಕೇಂದ್ರ ಆರೋಗ್ಯ ಇಲಾಖೆಯು, ಇಂತಹ ಪರೀಕ್ಷೆಗೆ ಮುಂಚಿತವಾಗಿಯೇ ಲಿಖಿತ ಒಪ್ಪಿಗೆ ಪಡೆಯಬೇಕೆಂದು ಆಸ್ಪತ್ರೆಗಳಿಗೆ ಸ್ಪಷ್ಟಪಡಿಸಿತು.

ನಮ್ಮಲ್ಲಿಯೂ ಎಚ್ಚರ ಮೂಡುತ್ತಿದೆ. 2019ರಲ್ಲಿ ಪ್ರವೇಶ ಪಡೆದ ಎಂ.ಬಿ.ಬಿ.ಎಸ್. ತಂಡದಿಂದ ಮೊದಲ್ಗೊಂಡು ಮನೋಭಾವ, ನೀತಿ ಮತ್ತು ಸಂವಹನವನ್ನು ಕುರಿತ ‘ಎಟ್‌ಕಾಮ್’ ಎಂಬ ಪಾಠಭಾಗವು ವ್ಯಾಸಂಗದಲ್ಲಿ ಸೇರಿದೆ. ಚುಚ್ಚುಮದ್ದು ನೀಡುವುದು, ಗಾಯಕ್ಕೆ ಹೊಲಿಗೆ ಹಾಕುವುದು, ನಿಂತ ಉಸಿರಿಗೆ ಆಸರೆಯಾಗುವುದು ಮುಂತಾದ ಕೌಶಲಗಳನ್ನು ಮೊದಲು ಬೊಂಬೆಗಳ ಮೇಲೆ ಅಭ್ಯಾಸ ಮಾಡಿಸುವ ಪ್ರಯೋಗಶಾಲೆಗಳೂ ಕಾಲೇಜುಗಳಲ್ಲಿ ಬಂದಿವೆ. ಆದರೆ ಬೊಂಬೆಗೆ ನೋವಿಲ್ಲ, ನಾಚಿಕೆಯಿಲ್ಲ, ಭಯವೂ ಇಲ್ಲ. ಅವುಗಳನ್ನು ಅರಿತು ನಡೆಯುವ ಪಾಠವನ್ನು ಮನುಷ್ಯನೇ ಕಲಿಸಬೇಕು. ಗುರುವಾದವನು ಪರದೆಯನ್ನು ಎಳೆದು, ರೋಗಿಯ ಅನುಮತಿ ಕೇಳಿ, ಬೇಕಾದಷ್ಟೇ ಭಾಗದ ವಸ್ತ್ರವನ್ನು ಸರಿಸಿ ಪರೀಕ್ಷಿಸಿದರೆ ಶಿಷ್ಯರೂ ಹಾಗೆಯೇ ನಡೆಯುತ್ತಾರೆ. ರೋಗಿಯನ್ನು ‘ಆರನೆಯ ಹಾಸಿಗೆಯ ಯಕೃತ್ತು’ ಎಂದು ಕರೆದರೆ ಶಿಷ್ಯರು ಅದನ್ನೂ ಕಲಿಯುತ್ತಾರೆ.

ಇನ್ನು ನಮ್ಮ ಹಕ್ಕು ಮತ್ತು ಕರ್ತವ್ಯಗಳನ್ನು ಅರಿಯೋಣ. ನಮ್ಮನ್ನು ಪರೀಕ್ಷಿಸುವವರು ವೈದ್ಯರೋ ವಿದ್ಯಾರ್ಥಿಗಳೋ ಎಂದು ವಿನಯದಿಂದ ಕೇಳಬಹುದು. ನೋವು ಹೆಚ್ಚಿದ್ದರೆ, ಸಂಕೋಚವಾದರೆ ಬೇಡವೆನ್ನಬಹುದು. ಅದರಿಂದ ಚಿಕಿತ್ಸೆಗೆ ಕುಂದು ಬರಬಾರದು. ಪುರುಷ ವೈದ್ಯರು ಪರೀಕ್ಷಿಸುವಾಗ ಮತ್ತೊಬ್ಬ ಮಹಿಳೆಯ ಉಪಸ್ಥಿತಿಯನ್ನು ಕೋರುವ ಹಕ್ಕು ಮಹಿಳೆಯರಿಗಿದೆಯೆಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದು ಹೇಳುತ್ತದೆ. ಒಪ್ಪಿಗೆಯಿಲ್ಲದೆ ಮೊಬೈಲಿನಲ್ಲಿ ಚಿತ್ರ ತೆಗೆಯುವುದನ್ನೂ ತಡೆಯಬಹುದು.

ಆದರೆ ಗೌರವದಿಂದ ಕೇಳಿದಾಗ, ಶಕ್ತಿಯಿದ್ದಲ್ಲಿ, ಒಪ್ಪುವುದು ಲೇಸು. ಇಂದು ನಮಗೆ ಚಿಕಿತ್ಸೆ ನೀಡುತ್ತಿರುವ ವೈದ್ಯರ ಕೈಗೆ ನಿಪುಣತೆ ಬಂದುದು ಹೆಸರು ತಿಳಿಯದ ಅದೆಷ್ಟೋ ರೋಗಿಗಳ ಸಹನೆಯಿಂದ. ನಾವೆಲ್ಲರೂ ನಿರಾಕರಿಸಿದರೆ ನಾಳಿನ ಮಕ್ಕಳಿಗೆ ನುರಿತ ವೈದ್ಯರು ದೊರೆಯಲಾರರು. ಕೇಳಿ ಪಡೆದುದು ದಾನ, ಕೇಳದೆ ಪಡೆದುದು ಅಪಹರಣ. ಈ ಭೇದವನ್ನು ಗುರು, ಶಿಷ್ಯ, ರೋಗಿ ಮೂವರೂ ಅರಿತಲ್ಲಿ ಆಸ್ಪತ್ರೆಯು ನಿಜವಾದ ವಿದ್ಯಾಲಯವಾಗುತ್ತದೆ.