ಜೋಳದ ರೊಟ್ಟಿಯೂ ವಿಷಲೋಹದ ಲೆಕ್ಕವೂ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ – ವಿಜಯನಗರ ಜಿಲ್ಲೆಯ ಈ ಐದು ತಾಲ್ಲೂಕುಗಳಲ್ಲಿ ಜೋಳದ ರೊಟ್ಟಿ ನಿತ್ಯದ ಆಹಾರ. ಜೋಳದ ಬೇರು ಮಣ್ಣಿನಿಂದ ಕಬ್ಬಿಣ, ಸತು ಮೊದಲಾದ ಅವಶ್ಯ ಲೋಹಗಳನ್ನು ಹೀರಿಕೊಳ್ಳುತ್ತದೆ. ಆದರೆ ಬೇರಿಗೆ ಪೂರ್ಣ ವಿವೇಚನೆಯಿಲ್ಲ. ಸತುವನ್ನು ಹೋಲುವ ಕ್ಯಾಡ್ಮಿಯಂ ಎಂಬ ವಿಷಲೋಹ ಮಣ್ಣಿನಲ್ಲಿದ್ದರೆ ಅದನ್ನೂ ಅದು ಒಳಗೆ ಬಿಟ್ಟುಕೊಳ್ಳುತ್ತದೆ. ರಂಜಕದ ಗೊಬ್ಬರಗಳಲ್ಲಿ ಈ ಲೋಹವು ಅಲ್ಪಾಂಶದಲ್ಲಿ ಬೆರೆತಿರುವುದುಂಟು. ಹಾಗಾದರೆ ಕಾಳಿನಲ್ಲಿ ವಿಷದ ಅಂಶವಿದ್ದ ಮಾತ್ರಕ್ಕೆ ಊಟವು ವಿಷವಾಯಿತೆ?

ವಿಷವೆಂಬುದು ಪದಾರ್ಥದ ಗುಣವಷ್ಟೇ ಅಲ್ಲ, ಪ್ರಮಾಣದ ಪ್ರಶ್ನೆಯೂ ಹೌದು. ಜಪಾನಿನ ಜಿಂತ್ಸು ನದಿಯ ಬಯಲಿನಲ್ಲಿ, ಗಣಿಯ ಕಶ್ಮಲ ಹರಿದ ಗದ್ದೆಗಳ ಅಕ್ಕಿಯನ್ನು ಅನೇಕ ವರ್ಷ ಉಂಡವರ ಮೂಳೆಗಳು ಮೆತ್ತಗಾಗಿ ಮುರಿಯತೊಡಗಿದವು. ರೋಗಿಗಳ ನರಳಾಟದಿಂದಲೇ ಆ ರೋಗಕ್ಕೆ 'ಇತಾಯ್ ಇತಾಯ್' ಎಂದು ಹೆಸರಾಯಿತು. ಅದಕ್ಕೆ ಕ್ಯಾಡ್ಮಿಯಂ ಕಾರಣವೆಂದು ಅಲ್ಲಿನ ಸರ್ಕಾರವು 1968ರಲ್ಲಿ ಒಪ್ಪಿಕೊಂಡಿತು. ಮೂತ್ರಪಿಂಡವನ್ನು ಸೇರಿದ ಕ್ಯಾಡ್ಮಿಯಂನಲ್ಲಿ ಅರ್ಧದಷ್ಟು ಹೊರಹೋಗಲು 10ರಿಂದ 30 ವರ್ಷ ಬೇಕಾಗುವುದರಿಂದ, ದಿನದಿನದ ಅಲ್ಪವೇ ಕೂಡಿ ಬಹಳವಾಗುತ್ತದೆ.

ಹೀಗಿರುವುದರಿಂದ ತಜ್ಞರು ಒಂದು ದಿನದ ಬದಲು ಒಂದು ತಿಂಗಳ ಲೆಕ್ಕವಿಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಹಾಗೂ ಕೃಷಿ ಸಂಸ್ಥೆಗಳ ಜಂಟಿ ಸಮಿತಿಯು 2010ರಲ್ಲಿ ನಿಗದಿಪಡಿಸಿದಂತೆ, ದೇಹತೂಕದ ಪ್ರತಿ ಕಿಲೋಗ್ರಾಮಿಗೆ ತಿಂಗಳಿಗೆ 25 ಮೈಕ್ರೋಗ್ರಾಂ ಕ್ಯಾಡ್ಮಿಯಂ ಸಹ್ಯವಾದ ಮಿತಿ. ಒಂದು ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಇನ್ನು ಜೋಳದಂಥ ಧಾನ್ಯದಲ್ಲಿ, ಅಂತರರಾಷ್ಟ್ರೀಯ ಕೋಡೆಕ್ಸ್ ಮಾನದಂಡದ ಪ್ರಕಾರ, ಕಿಲೋಗ್ರಾಮಿಗೆ 100 ಮೈಕ್ರೋಗ್ರಾಮನ್ನು ಮೀರಬಾರದು.

ಒಂದು ಲೆಕ್ಕ ಮಾಡಿ ನೋಡೋಣ. ನಮ್ಮ ಜೋಳದಲ್ಲಿ ಸರಿಯಾಗಿ ಈ ಮೇಲ್ಮಿತಿಯಷ್ಟೇ ಕ್ಯಾಡ್ಮಿಯಂ ಇದೆಯೆಂದು ಭಾವಿಸಿಕೊಳ್ಳಿ. ಇದು ಲೆಕ್ಕಕ್ಕಾಗಿ ಹಿಡಿದ ಅಂಕಿ. ಈ ಸೀಮೆಯ ಜೋಳದಲ್ಲಿ ಅಷ್ಟಿದೆಯೆಂದು ಅರ್ಥವಲ್ಲ. 50 ಕಿಲೋಗ್ರಾಂ ತೂಕದ ರೈತನು ದಿನಕ್ಕೆ 400 ಗ್ರಾಂ ಜೋಳ ಉಂಡರೆ ಅವನಿಗೆ ದಿನಕ್ಕೆ 40, ತಿಂಗಳಿಗೆ 1,200 ಮೈಕ್ರೋಗ್ರಾಂ ಸೇರುತ್ತದೆ. ಅವನ ಮಿತಿ 1,250, ಅಂತೂ ಒಳಗಿದ್ದಾನೆ. ಅದೇ ಮನೆಯ 15 ಕಿಲೋಗ್ರಾಂ ತೂಕದ ಮಗುವು ದಿನಕ್ಕೆ 150 ಗ್ರಾಂ ಉಂಡರೆ ತಿಂಗಳಿಗೆ 450 ಮೈಕ್ರೋಗ್ರಾಂ. ಮಗುವಿನ ಮಿತಿಯಾದರೋ 375! ಒಂದೇ ಹಂಚಿನ ರೊಟ್ಟಿ ತಂದೆಗೆ ಮಿತಿಯೊಳಗೆ, ಮಗುವಿಗೆ ಮಿತಿಯಾಚೆಗೆ. ಮಕ್ಕಳು ತಮ್ಮ ತೂಕಕ್ಕೆ ಹೋಲಿಸಿದರೆ ಹೆಚ್ಚು ಉಣ್ಣುವುದೇ ಇದಕ್ಕೆ ಕಾರಣ. ಈ ಮಿತಿಯು ಜೀವಮಾನದ ಸೇವನೆಯನ್ನು ಕುರಿತದ್ದು. ಅದನ್ನು ಕೆಲವು ತಿಂಗಳು ಮೀರಿದೊಡನೆ ರೋಗ ಬರುವುದಿಲ್ಲ, ನಿಜ. ಆದರೆ ಧಾನ್ಯವು ಕಾನೂನಿನ ಮಿತಿಯಲ್ಲಿದ್ದರೆ ಎಲ್ಲರೂ ಕ್ಷೇಮವೆಂಬ ಮಾತು ನಿಲ್ಲದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಊಟದ ಲೆಕ್ಕದಲ್ಲಿ ನೀರನ್ನು ಮರೆಯಬಾರದು. ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾ ಹಳೆಯ ಚಿನ್ನದ ಗಣಿಯ ಸೀಮೆ. ಅಲ್ಲಿಯ ಅಂತರ್ಜಲದಲ್ಲಿ ಪಾಷಾಣವೂ (ಆರ್ಸೆನಿಕ್), ಜನರಲ್ಲಿ ಅದರಿಂದಾದ ಚರ್ಮದ ವಿಕಾರಗಳೂ ಕಂಡುಬಂದುದನ್ನು 2013ರಲ್ಲಿ ಪ್ರಕಟವಾದ ಅಧ್ಯಯನವು ದಾಖಲಿಸಿದೆ. ಸೀಸದ ವಿಷಯವಂತೂ ಇನ್ನೂ ಕಠಿಣ: ಅದಕ್ಕಿದ್ದ ಸಹ್ಯಮಿತಿಯನ್ನು ಮೇಲೆ ಹೇಳಿದ ಸಮಿತಿಯೇ 2010ರಲ್ಲಿ ಹಿಂತೆಗೆದುಕೊಂಡಿತು. ಮಕ್ಕಳ ಬುದ್ಧಿಯ ಬೆಳವಣಿಗೆಗೆ ನಿರಪಾಯಕರವೆನ್ನಬಹುದಾದ ಸೀಸದ ಪ್ರಮಾಣ ತಿಳಿದಿಲ್ಲ.

ಲೋಹವು ಬೇಯಿಸಿದರೆ ನಾಶವಾಗದು. ಕಣ್ಣಿಗೂ ನಾಲಗೆಗೂ ಸಿಕ್ಕದು. ಪ್ರಯೋಗಾಲಯದ ಪರೀಕ್ಷೆಯೇ ಅದನ್ನು ಅರಿಯುವ ದಾರಿ. ಅಷ್ಟರಲ್ಲಿ ನಾವು ಮಾಡಬಹುದಾದುದೂ ಉಂಟು. ಜೋಳದೊಡನೆ ರಾಗಿ, ನವಣೆ, ಸಜ್ಜೆಗಳನ್ನು ಸರದಿಯಂತೆ ಬಳಸಿದರೆ ಒಂದೇ ಹೊಲದ ದೋಷ ಒಂದೇ ದೇಹದಲ್ಲಿ ಕೂಡಿಕೊಳ್ಳುವುದು ಕಡಿಮೆಯಾಗುತ್ತದೆ. ಪುಡಿಗೆ ಸೀಸದ ಹಳದಿ ಬಣ್ಣ ಬೆರಸುವವರಿರುವುದರಿಂದ ಅರಿಸಿನದ ಕೊಂಬನ್ನು ತಂದು ಚೆನ್ನಾಗಿ ತೊಳೆದು, ಒಣಗಿಸಿ ಕುಟ್ಟಿಕೊಳ್ಳುವುದು ಲೇಸು. ಹಿತ್ತಾಳೆಯ ಪಾತ್ರೆಗೆ ಕಲಾಯಿ ಹಾಕಿಸುವಾಗ ಅದು ಸೀಸ ಬೆರೆಯದ ಶುದ್ಧ ತವರವೇ ಎಂದು ವಿಚಾರಿಸಬೇಕು.

ಇನ್ನು ಮುಂದೆ ಯಾವುದಾದರೂ ಆಹಾರದಲ್ಲಿ ವಿಷಲೋಹವಿದೆಯೆಂಬ ಸುದ್ದಿ ಕಿವಿಗೆ ಬಿದ್ದರೆ, ಹೆದರುವ ಮೊದಲೂ ಅಲಕ್ಷಿಸುವ ಮೊದಲೂ ಮೂರು ಪ್ರಶ್ನೆ ಕೇಳಿಕೊಳ್ಳಬೇಕು: ಅದರಲ್ಲಿ ಲೋಹವೆಷ್ಟು? ಉಣ್ಣುವುದೆಷ್ಟು? ಉಣ್ಣುವವರ ತೂಕವೆಷ್ಟು?