ಹೊಗೆ ಹೋದದ್ದಾದರೂ ಎಲ್ಲಿಗೆ?

ನಮ್ಮಮ್ಮನ ಅಡುಗೆಮನೆಯ ಗೋಡೆ ಕಾಡಿಗೆಯಂತೆ ಕಪ್ಪಗಿತ್ತು. ಹಸಿ ಸೌದೆ ಊದೀ ಊದೀ ಅವರ ಕಣ್ಣು ಕೆಂಪಾಗುತ್ತಿತ್ತು. ಕೆಮ್ಮು ಕೊನೆಯವರೆಗೂ ಬಿಡಲಿಲ್ಲ. ಈಗ ನಮ್ಮ ಗೋಡೆ ಬೆಳ್ಳಗಿದೆ. ಗ್ಯಾಸ್, ಮಿಕ್ಸಿ, ಫ್ರಿಜ್ ಎಲ್ಲ ಬಂದಿವೆ. "ಸದ್ಯ, ಹೊಗೆಯ ಕಾಟ ತಪ್ಪಿತು" ಅಂತೀರಲ್ಲವೇ? ಆದರೆ ಸೋದರಿ, ಹೊಗೆ ನಿಜವಾಗಿ ಹೋಯಿತೇ, ಇಲ್ಲಾ ಕಣ್ಣಿಗೆ ಕಾಣದಷ್ಟು ದೂರ ಸರಿಯಿತೇ?

ನಮ್ಮ ನಾಡಿಗೆ ಮೊದಲು ವಿದ್ಯುತ್ ಕೊಟ್ಟದ್ದು ನೀರು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿಯಿತು. ಆಮೇಲೆ ಶರಾವತಿ ಬಂತು. ಮನೆಗಳೂ ಕಾರ್ಖಾನೆಗಳೂ ಹೆಚ್ಚಿದಂತೆ ನೀರು ಸಾಲದಾಯಿತು. 1985ರಲ್ಲಿ ರಾಯಚೂರಿನಲ್ಲಿ ಕಲ್ಲಿದ್ದಲು ಉರಿಯತೊಡಗಿತು. ಇಂದು ದೇಶದಲ್ಲಿ ತಯಾರಾಗುವ ಹತ್ತು ಯೂನಿಟ್ ವಿದ್ಯುತ್ತಿನಲ್ಲಿ ಸುಮಾರು ಏಳು ಕಲ್ಲಿದ್ದಲಿನದು. ಸರಾಸರಿ ಲೆಕ್ಕ ಹಾಕಿದರೆ ಒಂದು ಯೂನಿಟ್ಟಿಗೆ ಸುಮಾರು 700 ಗ್ರಾಂ ಇಂಗಾಲದ ಡೈ ಆಕ್ಸೈಡ್ ಗಾಳಿಗೆ ಸೇರುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಭೂಮಿಗೆ ಕಂಬಳಿ ಹೊದಿಸಿದ ಹಾಗೆ ಸೆಕೆ ಏರಿಸುತ್ತದೆ, ಅಷ್ಟೆ.

ತಪ್ಪು ನಮ್ಮದೇ?

ಒಟ್ಟು ಲೆಕ್ಕದಲ್ಲಿ ಚೀನಾ, ಅಮೆರಿಕಗಳ ನಂತರ ಭಾರತದ್ದೇ ಮೂರನೆಯ ಸ್ಥಾನ. ಆದರೆ ತಲಾ ಲೆಕ್ಕ ನೋಡಿ: ಅಮೆರಿಕದವರದು ವರ್ಷಕ್ಕೆ ಸುಮಾರು 14 ಟನ್, ನಮ್ಮದು ಸುಮಾರು 2 ಟನ್. ಹಂಡೆ ದೊಡ್ಡದು ನಿಜ, ಉಣ್ಣುವವರೂ ಹೆಚ್ಚು; ತಟ್ಟೆಗೆ ಬೀಳುವುದು ಒಂದೇ ಸೌಟು. ಹಾಗಾಗಿ ಬಡದೇಶದ ಹೆಣ್ಣುಮಗಳು ಮತ್ತೆ ಸೌದೆ ಊದಲಿ ಎನ್ನುವುದು ನ್ಯಾಯವಲ್ಲ.

ಹಾಗಂತ ಸುಮ್ಮನಿರುವಂತೆಯೂ ಇಲ್ಲ. ಸಂಬಳ ಏರಿದರೆ ಮನೆಗೆ ಫ್ಯಾನು, ಫ್ರಿಜ್ಜು, ಸ್ಕೂಟರು ಬರುತ್ತವೆ. ದೇಶಕ್ಕೂ ಹಾಗೆಯೇ, ಅದಕ್ಕೆ ಸಿಮೆಂಟು, ಉಕ್ಕು, ರಸ್ತೆ ಬೇಕು. ಒಂದೊಂದು ರೂಪಾಯಿ ಉತ್ಪನ್ನಕ್ಕೆ ಏಳುವ ಹೊಗೆ ಮೊದಲಿಗಿಂತ ಕಡಿಮೆಯಾಗಿದೆ. 2005ಕ್ಕೆ ಹೋಲಿಸಿದರೆ 2030ರೊಳಗೆ ಅದನ್ನು ಶೇಕಡಾ 45ರಷ್ಟು ಇಳಿಸುವುದಾಗಿ 2022ರಲ್ಲಿ ಭಾರತ ಮಾತು ಕೊಟ್ಟಿದೆ. ಆದರೆ ರೂಪಾಯಿಗಳೇ ಬೆಳೆಯುತ್ತಿರುವಾಗ ಒಟ್ಟು ಹೊಗೆ ಇಳಿದಿಲ್ಲ. ಕುಕ್ಕರ್ ತಂದು ಗ್ಯಾಸ್ ಉಳಿಸಿದರೂ, ಪಂಕ್ತಿಗೆ ದಿನಾ ಹೊಸ ನೆಂಟರು ಬಂದು ಕೂತ ಹಾಗೆ!

ಬಿಸಿಲೂ ಈಗ ಕೈಜೋಡಿಸಿದೆ. ತುಮಕೂರು ಜಿಲ್ಲೆಯ ಬರಡು ಪಾವಗಡದಲ್ಲಿ ರೈತರು ಗುತ್ತಿಗೆಗೆ ಕೊಟ್ಟ ಸುಮಾರು 13,000 ಎಕರೆಯಲ್ಲಿ 2,000 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನವಿದೆ. ಆದರೆ ನಾವು ದೀಪ ಹಚ್ಚುವ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ. ಆಗ ಕಲ್ಲಿದ್ದಲೇ ಗತಿ.

ನಿಮ್ಮ ಕೈಯಲ್ಲಿರುವುದು

* ಇಸ್ತ್ರಿ, ಗ್ರೈಂಡರ್, ನೀರಿನ ಮೋಟಾರು ಇವನ್ನು ಆದಷ್ಟು ಹಗಲಲ್ಲೇ ಮುಗಿಸಿ.
* 60 ವಾಟಿನ ಹಳೆಯ ಬಲ್ಬುಗಳು ಉಳಿದಿದ್ದರೆ 9 ವಾಟಿನ ಎಲ್‌ಇಡಿ ಹಾಕಿ. ನಾಲ್ಕು ಬಲ್ಬು ದಿನಕ್ಕೆ ಐದು ಗಂಟೆ ಉರಿದರೆ, ದಿನಕ್ಕೊಂದು ಯೂನಿಟ್ ಉಳಿತಾಯ. ವರ್ಷಕ್ಕೆ ಸುಮಾರು 250 ಕಿಲೋ ಇಂಗಾಲದ ಡೈ ಆಕ್ಸೈಡ್ ತಪ್ಪಿತು.
* ಫ್ರಿಜ್, ಫ್ಯಾನು ಕೊಳ್ಳುವಾಗ ಬಣ್ಣಕ್ಕಿಂತ ಮೊದಲು ನಕ್ಷತ್ರ ಎಣಿಸಿ.
* ಕಾಳು ರಾತ್ರಿಯೇ ನೆನೆಹಾಕಿ; ಪಾತ್ರೆಗೆ ಮುಚ್ಚಳ ಮುಚ್ಚಿ.

"ನಮ್ಮೊಬ್ಬರ ಮನೆಯಿಂದ ಏನಾದೀತು?" ಅನ್ನಬೇಡಿ. ಕರೆಂಟ್ ಬಿಲ್ಲಂತೂ ಇಳಿಯುತ್ತದಲ್ಲ! ಅಮ್ಮನಿಗೆ ಬಂದ ಕೆಮ್ಮು ನಮಗೆ ಬರಲಿಲ್ಲ. ನಮ್ಮ ಸುಖದ ಸೆಕೆ ನಮ್ಮ ಮಕ್ಕಳಿಗೂ ತಟ್ಟದಿರಲಿ.